ಓಟಗಾರರಿಲ್ಲದ ಓಟದ ಸುಸೂತ್ರ ನಿರ್ವಹಣೆ

ಕ್ರೀಡಾ ಆಡಳಿತ ಸ್ನಾತಕೋತ್ತರ ವಿಭಾಗಕ್ಕೆ ಸೇರಿದ ಮೈದಾನದಲ್ಲಿ, ವಾರ್ಷಿಕ ಪರೀಕ್ಷೆಯ ಕ್ರೀಡಾಕೂಟದ ದಿನವೊಂದನ್ನು ಬಿಟ್ಟು, ಯಾರೂ ಆಡತಕ್ಕದ್ದಲ್ಲ, ಓಡತಕ್ಕದ್ದಲ್ಲ, ಹಾಗೂ ಸಕಾರಣವಿಲ್ಲದೆ ನಿಲ್ಲತಕ್ಕದ್ದಲ್ಲ. ಈ ನಿಯಮದ ದೆಸೆಯಿಂದ ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ಒಬ್ಬರ ಕಾಲೂ ಉಳುಕಿಲ್ಲ, ಒಬ್ಬರೂ ಸೋತಿಲ್ಲ. ಇಂಥ ಹೆಗ್ಗಳಿಕೆ ಇನ್ನಾವ ಮೈದಾನಕ್ಕೂ ಇಲ್ಲವೆಂದು ವಿಭಾಗದ ನಿರ್ದೇಶಕರು ಪ್ರತಿ ಸ್ವಾಗತ ಭಾಷಣದಲ್ಲೂ ಹೇಳುತ್ತಿದ್ದರು. ಹೊಸ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುತ್ತಿದ್ದರು.

ಮೈದಾನ ನೋಡಲು ಚೆಂದವಿತ್ತು, ಸುಳ್ಳು ಯಾಕೆ ಹೇಳಬೇಕು. ಸುತ್ತ ಎದೆಯೆತ್ತರದ ತಂತಿ ಬೇಲಿ, ಒಳಗೆ ಬಾಚಣಿಗೆ ಆಡಿಸಿದಂಥ ಹುಲ್ಲು, ಹುಲ್ಲಿನ ಸುತ್ತ ಇಟ್ಟಿಗೆ ಬಣ್ಣದ ಓಟದ ಹಾದಿ. ಹುಲ್ಲಿನ ಗುತ್ತಿಗೆ ನಿರ್ದೇಶಕರ ಭಾಮೈದನದು. ತುಳಿದರೆ ಹುಲ್ಲು ಸವೆಯುತ್ತದೆ, ಆದ್ದರಿಂದ ತುಳಿಯಬಾರದು. ತುಳಿಯದಿದ್ದರೆ ಹುಲ್ಲಿಗೆ ಸೋಮಾರಿತನ ಬರುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಎಲ್ಲ ಕಿತ್ತು ಹೊಸದು ಹಾಕಬೇಕು ಎಂದು ಆತ ತಜ್ಞರ ವರದಿ ಕೊಟ್ಟಿದ್ದ. ತಜ್ಞನೂ ಆತನೇ.

ಓಟದಕ್ಕ ಈ ವಿಭಾಗಕ್ಕೆ ಸೇರಿದ್ದು ಮಂಡಿ ಕೈಕೊಟ್ಟ ಮೇಲೆ. ಅದಕ್ಕೆ ಮುಂಚೆ ಆಕೆ ಬೆಳಿಗ್ಗೆ ಓಡುವುದನ್ನು ನೋಡಲು ಬೀದಿಯವರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಬರುತ್ತಿದ್ದರು. ಹೆಸರು ಆಗ ಅಂಟಿದ್ದು. "ಕಾಲು ಹೋದ್ರೆ ಹೋಯ್ತು, ತಲೆ ನೆಟ್ಟಗಿದೆಯಲ್ಲ, ಓದಿ ಆಟ ಆಡಿಸೋಳಾಗು," ಎಂದು ಅಲ್ಲಿಗೆ ಸೇರಿಸಿದವಳು ಅಮ್ಮ. ಅಮ್ಮ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ. ಮನೆಯಲ್ಲಿ ಇನ್ನೊಬ್ಬಳಿದ್ದಳು, ತಂಗಿ. ಹಾಲು ತರಲು ಕಳಿಸಿದರೂ ಓಡಿಕೊಂಡೇ ಹೋಗಿ, ಓಡಿಕೊಂಡೇ ಬಂದು, ಅರ್ಧ ಹಾಲು ದಾರಿಗೆ ಕುಡಿಸುವವಳು. ಬೈದರೆ ಮತ್ತೆ ಓಡುತ್ತಿದ್ದಳು.

ಓಟದಕ್ಕನ ಕೊನೆಯ ಪರೀಕ್ಷೆಯೇ ಆ ವರ್ಷದ ಕ್ರೀಡಾಕೂಟ. ನಡೆಸಿಕೊಟ್ಟರೆ ಪದವಿ. ಆ ಕೂಟದ ಓಟದಲ್ಲಿ ಗೆದ್ದ ಹುಡುಗಿಗೆ ದೊಡ್ಡ ತರಬೇತಿ ಶಿಬಿರದಲ್ಲಿ ಜಾಗ. ಮರು ವರ್ಷಕ್ಕೆ ತಂಗಿಯ ವಯಸ್ಸು ಮೀರುತ್ತಿತ್ತು, ಆದ್ದರಿಂದ ಆಗುವುದಿದ್ದರೆ ಈಗ, ಇಲ್ಲವಾದರೆ ಇಲ್ಲ.

"ಅಕ್ಕಾ, ನನ್ನ ಗೆಲ್ಸು ಅಂತ ಕೇಳ್ತಿಲ್ಲ. ಓಡೋಕೆ ಬಿಡು, ಅಷ್ಟು ಸಾಕು," ಎಂದಳು ತಂಗಿ.

"ಅಯ್ಯೋ ಹುಚ್ಚಿ, ಓಟದ ಸ್ಪರ್ಧೇಲಿ ಓಡದೆ ಇನ್ನೇನು ಮಾಡ್ತಾರೆ?" ಎಂದು ಅಕ್ಕ ನಕ್ಕಳು. ಪಾಪ, ಆಗಿನ್ನೂ ಆಕೆಯ ವ್ಯಾಸಂಗ ಪೂರ್ತಿಯಾಗಿರಲಿಲ್ಲ.

ವಿಭಾಗದಲ್ಲೊಂದು ಸಂಪ್ರದಾಯವಿತ್ತು. ಪ್ರತಿ ವರ್ಷದ ವಿದ್ಯಾರ್ಥಿ ಕ್ರೀಡಾಕೂಟದಿಂದ ಒಂದು ಅಪಾಯವನ್ನು ತೆಗೆದುಹಾಕಬೇಕು. ಇದನ್ನು ಕಲಿಸುವ ಪ್ರಾಧ್ಯಾಪಕರನ್ನು ಎಲ್ಲರೂ ಪ್ರೀತಿಯಿಂದ ಅಪಾಯದ ಮೇಷ್ಟ್ರು ಎನ್ನುತ್ತಿದ್ದರು. ಅವರು ಮೆಟ್ಟಿಲಿನ ಕಂಬಿ ಹಿಡಿಯದೆ ಪಾಠಕ್ಕೂ ಹತ್ತಿದವರಲ್ಲ. ಮೊದಲ ತಂಡದವರು ಭರ್ಜಿ ಎಸೆತ ತೆಗೆದರು, ಭರ್ಜಿಗೆ ಮೊನೆಯಿತ್ತು. ಆಮೇಲಿನವರು ಉದ್ದಜಿಗಿತ ತೆಗೆದರು, ಮರಳು ನಿರ್ದೇಶಕರ ಕೊಠಡಿಯ ಜಮಖಾನೆಯವರೆಗೆ ಬರುತ್ತಿತ್ತು. ಇನ್ನೊಂದು ವರ್ಷ ಪ್ರೇಕ್ಷಕರನ್ನು ತೆಗೆದರು, ಅವರು ಒಬ್ಬರ ಪರ ಕೂಗಿ ಸಂಸ್ಥೆಯ ನಿಷ್ಪಕ್ಷಪಾತಕ್ಕೆ ಭಂಗ ತರುತ್ತಿದ್ದರು. ಹಿಂದಿನ ವರ್ಷವಷ್ಟೇ, ಸದ್ದಿಗೆ ಯಾರಾದರೂ ಬೆಚ್ಚಿಬಿದ್ದಾರೆಂದು ಪಿಸ್ತೂಲನ್ನು ಕೈಬಿಟ್ಟು, ಓಟ ಆರಂಭಿಸುವ ಸೂಚನೆಯನ್ನು ಅಂಚೆಯಲ್ಲಿ ಕಳಿಸಲಾಗಿತ್ತು. ಒಬ್ಬಳಿಗೆ ಅದು ಮರುವಾರ ತಲುಪಿತು. ಆಕೆ ಮರುವಾರ ಬಂದು ಒಬ್ಬಳೇ ಓಡಿ, ಶಿಸ್ತಿಗಾಗಿ ವಿಶೇಷ ಬಹುಮಾನ ಪಡೆದಳು.

ಓಟದಕ್ಕ ತನ್ನ ಯೋಜನೆಯನ್ನು ಸಭೆಯ ಮುಂದಿಟ್ಟಳು. ಕುಡಿಯುವ ನೀರು ಎಲ್ಲಿ, ವೈದ್ಯರು ಎಲ್ಲಿ, ಬಿಸಿಲೇರುವ ಮುಂಚೆ ಯಾವ ಓಟ, ಎಲ್ಲ ಇತ್ತು. ನಿರ್ದೇಶಕರು ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತ ತಲೆದೂಗಿದರು.

"ಎಲ್ಲಾ ಚೆನ್ನಾಗಿದೆಯಮ್ಮಾ. ಆದ್ರೆ ನೀನು ಯಾವ ಅಪಾಯ ತೆಗೆದೆ?"

"ಸರ್, ತೆಗೆಯೋಕೆ ಇನ್ನೇನು ಉಳಿದಿದೆ?" ಎಂದಳು ಓಟದಕ್ಕ, ತುಸು ಸಿಟ್ಟಿನಲ್ಲೇ. "ಓಟಗಾರರು ಮಾತ್ರ ಉಳ್ಕೊಂಡಿದಾರೆ."

ನಿರ್ದೇಶಕರ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು, ಅವರು ಗಮನಿಸಲಿಲ್ಲ. ಅಪಾಯದ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಷ್ಟು ವರ್ಷ ಪಾಠ ಮಾಡಿದ್ದು ಸಾರ್ಥಕ ಆಯ್ತು," ಎಂದರು ಅವರು. "ಬೀಳೋರು ಯಾರು? ಓಟಗಾರರು. ಅಳೋರು ಯಾರು? ಅವರೇ. ಫಲಿತಾಂಶ ಸರಿಯಿಲ್ಲ ಅಂತ ತಕರಾರು ತೆಗೆಯೋರು? ಮತ್ತೆ ಅವರೇ. ನಾವು ಇಷ್ಟು ದಿನ ರೆಂಬೆ ಕಡೀತಾ ಕೂತಿದ್ವಿ, ಈ ಹುಡುಗಿ ಬುಡಕ್ಕೇ ಕೊಡಲಿ ಹಾಕಿದ್ಲು ನೋಡಿ!"

"ಸರ್, ನಾನು ತಮಾಷೆಗೆ ಅಂದೆ."

"ವಿನಯ," ಎಂದರು ನಿರ್ದೇಶಕರು, ಮೆಚ್ಚುಗೆಯಿಂದ.

"ಹಾಗಾದ್ರೆ ಗೆದ್ದೋರು ಯಾರು ಅಂತ ಹೇಗೆ ಗೊತ್ತಾಗೋದು?"

"ಆಡಳಿತಾತ್ಮಕವಾಗಿ. ಅದು ಸಂಘಟಕರ ವಿವೇಚನೆಗೆ ಬಿಟ್ಟಿದ್ದು. ಅಂದ್ರೆ ನಿನಗೇ." ನಿರ್ದೇಶಕರು ದನಿ ತಗ್ಗಿಸಿದರು. "ನಿನ್ನ ತಂಗಿನೂ ಹೆಸರು ಕೊಟ್ಟಿದಾಳಂತೆ, ಅಲ್ವಾ? ಚೆನ್ನಾಗಿ ಓಡ್ತಾಳೆ ಅಂತ ಕೇಳಿದೀನಿ. ಅಂದ ಹಾಗೆ, ಸಹಾಯಕ ನಿರ್ದೇಶಕರ ಹುದ್ದೆ ಖಾಲಿ ಇದೆ."

ಇದು ತಪ್ಪು ಎಂದು ಓಟದಕ್ಕನಿಗೆ ಗೊತ್ತಿತ್ತು. ಓಡಿದ ಕಾಲಿಗೆ ಗೊತ್ತಾಗದೆ ಇರುತ್ತದೆಯೇ. ಆದರೆ ಬೇಡವೆಂದರೆ ಕೂಟವೇ ರದ್ದು, ತಂಗಿಗೆ ಶಿಬಿರ ರದ್ದು, ತನಗೆ ಪದವಿ ರದ್ದು. ಹೂಂ ಎಂದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆಕೆ ಹೂಂ ಎಂದಳು. ಆ ಸಂಜೆ ಬೋರ್ಡಿನಲ್ಲಿ ಪ್ರಕಟಣೆ ಬಿತ್ತು: "ಸ್ಪರ್ಧಿಗಳು ಸುರಕ್ಷತೆಯ ದೃಷ್ಟಿಯಿಂದ ಸ್ಪರ್ಧೆಯಿಂದ ದೂರವಿರತಕ್ಕದ್ದು."

ಕೂಟದ ದಿನ ಹುಡುಗಿಯರೆಲ್ಲ ಸಭಾಂಗಣದ ಕುರ್ಚಿಗಳಲ್ಲಿ ಅಂಕಿ ಅಂಟಿಸಿಕೊಂಡು ಕೂತರು. ತಂಗಿ ಅಮ್ಮ ಹೊಲಿದ ಹೊಸ ಉಡುಪಿನಲ್ಲಿ, ಶೂ ಬಿಗಿದು, ತುದಿಗಾಲಲ್ಲಿ ಕೂತಿದ್ದಳು. ಕಿಟಕಿಯಾಚೆ ಮೈದಾನ ಖಾಲಿಯಿತ್ತು. ಗಡಿಯಾರ ಹಿಡಿದ ನಿರ್ಣಾಯಕರು ಒಟ್ಟಿಗೇ ಗುಂಡಿ ಒತ್ತಿ, ಒಟ್ಟಿಗೇ ನಿಲ್ಲಿಸಿದರು. ಅವರೊಳಗೆ ಇಷ್ಟು ಒಮ್ಮತ ಹಿಂದೆಂದೂ ಮೂಡಿರಲಿಲ್ಲ.

"ಮಹನೀಯರೇ, ಮಹಿಳೆಯರೇ," ಎಂದಿತು ಮೈಕು. "ಓಟವು ಈಗ ಅತ್ಯಂತ ರೋಚಕವಾಗಿ ಮುಗಿದಿದೆಯೆಂದು ಭಾವಿಸತಕ್ಕದ್ದು."

ಮೊದಲ ಸ್ಥಾನಕ್ಕೆ ತಂಗಿಯ ಹೆಸರು ಕೂಗಿದರು. ತಂಗಿ ಏಳಲಿಲ್ಲ.

"ಅಕ್ಕಾ, ಓಟ ಯಾವಾಗ?"

"ಆಯ್ತಲ್ಲೇ. ಏಳು, ಪದಕ ಹಾಕಿಸ್ಕೋ."

"ನಾನು ಓಡಲೇ ಇಲ್ವಲ್ಲ!"

"ಮೆಲ್ಲಗೆ ಮಾತಾಡೇ. ಓಡಿದ್ರೆ ಎರಡನೇದು ಬರ್ತಿದ್ದೆಯೋ ಏನೋ."

ಸೋತವರಿಗೂ ಬೇಸರವಿರಲಿಲ್ಲ, ಅವರು ಸೋತದ್ದನ್ನು ಯಾರೂ ಕಂಡಿರಲಿಲ್ಲ. ಮಗಳನ್ನು ಕರೆದೊಯ್ಯಲು ಬಂದು ಬಾಗಿಲ ಬಳಿ ಕೂತಿದ್ದ ಒಬ್ಬ ಅಪ್ಪ ಮಾತ್ರ ಎದ್ದು, ತಮ್ಮ ಮಗಳು ಎಲ್ಲರಿಗಿಂತ ನೆಟ್ಟಗೆ ಕೂತಿದ್ದಳೆಂದು ಮೇಲ್ಮನವಿ ಸಲ್ಲಿಸಿದರು. ಸಮಿತಿ ಅದನ್ನು ಪರಿಶೀಲಿಸಿ ಆಕೆಗೆ ಮೂರನೆಯ ಸ್ಥಾನ ಕೊಟ್ಟಿತು. ಭಾಮೈದ ಪದಕಗಳನ್ನೂ ಸರಬರಾಜು ಮಾಡಿದ್ದರಿಂದ ಸಾಕಷ್ಟು ಮಿಕ್ಕಿದ್ದವು.

ಮನೆಯಲ್ಲಿ ಅಮ್ಮ ಉಡುಪನ್ನು ಒಗೆಯಲು ತೆಗೆದುಕೊಂಡು ಮೂಸಿ ನೋಡಿದಳು.

"ಬೆವರೇ ಇಲ್ಲವಲ್ಲೇ. ಓಡಿದ್ಯೋ, ಕೂತಿದ್ಯೋ?"

ತಂಗಿ ಅಳುತ್ತ ಒಳಗೆ ಹೋದಳು. ಓಟದಕ್ಕ ತಲೆ ತಗ್ಗಿಸಿ, ಅಪಾಯದ ಬುಡ, ಆಡಳಿತಾತ್ಮಕ ಗೆಲುವು ಎಲ್ಲವನ್ನೂ ವಿವರಿಸಿದಳು. ಅಮ್ಮ ಉಡುಪನ್ನು ಹೊಲಿಗೆ ಮಿಶನ್ನಿನ ಮೇಲೆ ಹರಡಿದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು ನಮ್ಮ ಕಾಲದಲ್ಲಿ. ನಿಮ್ಮ ಕಾಲದಲ್ಲಿ ಕೆಸರಿನ ಕಾಟ ಇಲ್ಲ. ಹೋಗ್ಲಿ ಬಿಡು, ಒಗೆಯೋದು ತಪ್ಪಿತು," ಎಂದು ಉಡುಪನ್ನು ಮಡಚಿ ಇಟ್ಟಳು.

ಶಿಬಿರದಿಂದ ಆದೇಶ ಬಂತು. ಓಟದಕ್ಕನ ಪದ್ಧತಿ ಅವರಿಗೂ ಹಿಡಿಸಿತ್ತು. "ಆಯ್ಕೆಯಾದ ಓಟಗಾರರು ಅಮೂಲ್ಯ ಆಸ್ತಿಯಾಗಿರುವುದರಿಂದ, ಮುಂದಿನ ಸೂಚನೆಯವರೆಗೆ ಮೈದಾನದಲ್ಲಾಗಲಿ, ಬೀದಿಯಲ್ಲಾಗಲಿ, ಮನೆಯೊಳಗಾಗಲಿ ಓಡತಕ್ಕದ್ದಲ್ಲ." ಶಿಬಿರ ವಿಭಾಗದ ಕಟ್ಟಡದಲ್ಲೇ ನಡೆಯಿತು. ಬೆಳಿಗ್ಗೆ ವೇದಿಕೆ ಹತ್ತುವ ಅಭ್ಯಾಸ, ಮಧ್ಯಾಹ್ನ ಪತ್ರಕರ್ತರಿಗೆ ಉತ್ತರಿಸುವ ಅಭ್ಯಾಸ, ಸಂಜೆ ವಿಶ್ರಾಂತಿ. ಇದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ ಬೇಕಾಗಿ, ಹೊಸ ಸಹಾಯಕ ನಿರ್ದೇಶಕಿಯಾದ ಓಟದಕ್ಕನ ಕೊರಳಿಗೆ ಒಂದು ಸೀಟಿ ಹಾಕಿದರು.

ಒಂದು ಸಂಜೆ ಓಟದಕ್ಕ ತನ್ನ ಕೊಠಡಿಯ ಕಿಟಕಿಯ ಬಳಿ ನಿಂತಿದ್ದಳು. ಕೆಳಗೆ, ಬೇಲಿಯಾಚೆ, ಬಸ್ ನಿಲ್ದಾಣ. ಬಸ್ಸು ಹೊರಟಿತು. ಗೇಟಿನಿಂದ ಆಗಷ್ಟೇ ಹೊರಬಂದ ತಂಗಿ ಅದನ್ನು ಕಂಡು ಚೀಲವನ್ನು ಹೆಗಲಿಗೇರಿಸಿ ಓಡಿದಳು.

ಅಬ್ಬಾ, ಅದು ಓಟ! ಜಡೆ ಬಿಚ್ಚಿಕೊಂಡಿತು, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಷ್ಟೋ ದಿನದಿಂದ ಕಟ್ಟಿಹಾಕಿದ್ದೆಲ್ಲ ಒಮ್ಮೆಲೇ ಬಿಡುಗಡೆಯಾದಂತಿತ್ತು. ಬಸ್ಸಿಗೂ ಅವಳಿಗೂ ಕೈಯಳತೆ. ಓಟದಕ್ಕನ ಕಾಲ್ಬೆರಳುಗಳು ಶೂವಿನೊಳಗೆ ನೆಲವನ್ನು ಒತ್ತಿದವು, ಕೆಟ್ಟ ಮಂಡಿ ತಾನಾಗಿ ಮಡಚಿಕೊಂಡಿತು, ಓಡೇ ಪುಟ್ಟಿ, ಓಡೇ ಎಂಬ ಕೂಗು ಗಂಟಲಿಗೆ ಬಂತು. ಆದರೆ ಬಾಯಲ್ಲಿ ಆಗಲೇ ಸೀಟಿಯಿತ್ತು, ಕೂಗು ಸೀಟಿಯ ಸದ್ದಾಗಿ ಹೊರಬಿತ್ತು.

ತಂಗಿ ಗಕ್ಕನೆ ನಿಂತಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

"ಒಳ್ಳೇದು ಮಾಡಿದ್ರು," ಎಂದರು ನಿಲ್ದಾಣದಲ್ಲಿದ್ದ ಒಬ್ಬ ಹಿರಿಯರು. "ಗೆದ್ದಿರೋ ಹುಡುಗಿ. ಬಿದ್ದುಗಿದ್ದಿದ್ರೆ?"

ಹೌದೌದೆಂದು ಉಳಿದವರೂ ತಲೆಯಾಡಿಸಿದರು. ತಂಗಿ ಏದುಸಿರು ಬಿಡುತ್ತ ಕಿಟಕಿಯತ್ತ ನೋಡಿದಳು. ಅಕ್ಕ ಏನಾದರೂ ಹೇಳುತ್ತಾಳೇನೋ ಎಂದು ಕಾದಂತಿತ್ತು. ಅಕ್ಕನಿಗೆ ಸೀಟಿಯನ್ನು ಬಾಯಿಂದ ತೆಗೆಯುವುದು ಹೊಳೆಯಲಿಲ್ಲ.

"ತಪ್ಪಾಯ್ತು, ಮೇಡಂ," ಎಂದಳು ತಂಗಿ. ಜಡೆ ಕಟ್ಟಿಕೊಂಡು, ನಿಯಮದ ಪ್ರಕಾರ, ನಿಧಾನವಾಗಿ ಮನೆಯ ಕಡೆ ನಡೆದಳು.