ಕಿಲೋ ಲೆಕ್ಕದಲ್ಲಿ ಹುಲಿ

ಹೆದರಿದ ಜನರ ನಡುವೆ ಹೋರಾಟ ಮಾಡುವವನಿಗೆ ನಗುವ ಪ್ರಸಂಗಗಳಿಗೇನೂ ಕೊರತೆಯಿಲ್ಲ. ಕಷ್ಟವೇನೆಂದರೆ, ನಡೆಯುವಾಗ ಅವು ನಗು ಬರಿಸುವುದಿಲ್ಲ, ಕಾಲು ನಡುಗಿಸುತ್ತವೆ.

ನಾನು ಸಾಲಿ ಅರ್ಧಕ್ಕೆ ಬಿಟ್ಟವನು. ಹೋರಾಟ ಕಲಿತದ್ದು ಹಳೇ ಪೇಪರ್ ಓದಿ ಮತ್ತು ಅಧಿಕಾರಿಗಳಿಂದ ಬೈಸಿಕೊಂಡು. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ಜೋಯಿಡಾ ತಾಲೂಕಿನ ಗುಡ್ಡದ ಮೇಲೆ ಒಂದು ಕೇರಿ. ಅಲ್ಲಿನ ಅಂಗಳದಲ್ಲಿ ನಿಂತರೆ ಅಂಬಿಕಾನಗರದ ದೀಪಗಳು ಜಾತ್ರೆಯ ಹಾಗೆ ಕಾಣುತ್ತವೆ. ಕಾಳಿ ನದಿಯ ನೀರಿನಿಂದ ಮಾಡಿದ ಕರೆಂಟು ಆ ಕೇರಿಯ ನೆತ್ತಿಯ ಮೇಲಿನ ದಪ್ಪ ತಂತಿಯಲ್ಲಿ ಗುಂಯ್ ಅನ್ನುತ್ತ ಎಲ್ಲಿಗೋ ಹೋಗುತ್ತದೆ. ಕೇರಿಗೆ ಮಾತ್ರ ಚಿಮಣಿ ಬುಡ್ಡಿ. ಕಂಬ ನೆಡಲು ಕಾಡಿನಲ್ಲಿ ತಗ್ಗು ತೋಡಬೇಕು, ತೋಡಲು ಅರಣ್ಯದ ಸಾಹೇಬರ ಸಹಿ ಬೇಕು, ಸಹಿ ಆಗುತ್ತಿಲ್ಲ. ಆ ಕೇರಿಯಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸೊಬ್ಬಳಿದ್ದಳು. ಅವಳು ಒಂದು ದಿನ ಸಂಜೆ ಬಾಗಿಲು ತೆಗೆದಳು, ಹೊಸ್ತಿಲ ಆಚೆ ಕರಡಿ ನಿಂತಿತ್ತು. ಕುಡಗೋಲು ಬೀಸಿ ಓಡಿಸಿದಳಂತೆ. ನನಗೆ ಹೇಳುವಾಗ ಅಷ್ಟೇ ಅಂದಳು: "ಕಾಣಿಸಿದ್ರ ಬಾಗಿಲಾನ ತೆಗೀತಿರಲಿಲ್ಲಪಾ."

ಅರ್ಜಿ ಕೊಟ್ಟು ಸಾಕಾಗಿತ್ತು. ದಾಂಡೇಲಿಗೆ ಆಗ ಸೈಬರ್ ಕೆಫೆ ಬಂದ ಕಾಲ. ಕೆಫೆಯ ಮಾಲಕ ನನ್ನ ಗೆಳೆಯ. ಅವನ ಸಹಾಯದಿಂದ ಅಂತರಜಾಲದಲ್ಲಿ ಒಂದು ಚರ್ಚಾ ವೇದಿಕೆ ತೆರೆದೆ. ಸುತ್ತಲಿನ ತಾಲೂಕುಗಳ ಜನ ಬಂದು ಬರೆಯಲಿ, ಸಾಹೇಬರಿಗೆ ಬಿಸಿ ಮುಟ್ಟಲಿ ಎಂಬುದು ನನ್ನ ಲೆಕ್ಕ.

ಹೆಸರಿನ ಗತಿ

ಹೆಸರು ಕಾಳಿ ಕಟ್ಟೆ. ಕೆಫೆಯ ಕಂಪ್ಯೂಟರ್‌ನಲ್ಲಿ ಕನ್ನಡ ಬರೆದರೆ ಚೌಕ ಚೌಕ ಡಬ್ಬಿಗಳು ಮೂಡುತ್ತಿದ್ದವು. ಆದ್ದರಿಂದ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಹೆಸರನ್ನೂ ಹಾಗೇ Kali Katte ಎಂದು ಬರೆದು, ಕರಪತ್ರ ಹೊಡೆಸಿ, ಮುಂಡಗೋಡ ಬಸ್ ನಿಲ್ದಾಣದಲ್ಲಿ ಹಂಚಿದೆ. ಕಂಡಕ್ಟರೊಬ್ಬ ಕರಪತ್ರ ತಿರುಗಿಸಿ ಮುರುಗಿಸಿ ನೋಡಿ ಗಟ್ಟಿಯಾಗಿ ಓದಿದ: "ಖಾಲಿ ಕಟ್ಟಿ."

ಖಾಲಿ ಅಲ್ಲ ಕಾಳಿ, ಹೊಳಿ ಹೆಸರು ಎಂದೆ. ಇಂಗ್ಲಿಷಿನಲ್ಲಿ ಹಾಗೆ ಎಲ್ಲಿ ಐತಿ ಎಂದು ಕೇಳಿದ. ನನಗೆ ಸಿಟ್ಟು ಬಂತು. ದಾಂಡೇಲಿಗೆ ಮರಳಿ ಬಂದು ಮಾಲಕನ ಮುಂದೆ ಆ ಕಂಡಕ್ಟರನನ್ನು ಬಾಯಿಗೆ ಬಂದಂತೆ ಬೈದೆ. ಅವನು ಸುಮ್ಮನೆ ಪರದೆ ನನ್ನ ಕಡೆ ತಿರುಗಿಸಿದ. ವೇದಿಕೆ ತೆರೆದು ವಾರಗಳೇ ಕಳೆದಿದ್ದವು. ಬರೆದವನು ನಾನು, ಉತ್ತರ ಕೊಟ್ಟವನು ನಾನು, ಆ ಉತ್ತರಕ್ಕೆ ಸಿಟ್ಟಾಗಿ ಮತ್ತೆ ಬರೆದವನೂ ನಾನೇ.

"ಕಂಡಕ್ಟರ್ ಬರೋಬರಿ ಓದ್ಯಾನ್ರಿ," ಎಂದ ಮಾಲಕ.

ಹೆಲ್ಮೆಟ್

ಜನ ಯಾಕೆ ಬರೆಯುತ್ತಿಲ್ಲ ಎಂದರೆ ಹೆದರಿಕೆ. ಆ ವರ್ಷಗಳಲ್ಲಿ ಕಾಡಿನ ಬಗ್ಗೆ ಯಾರಾದರೂ ಬಾಯಿ ತೆರೆದರೆ ಅವನಿಗೆ ನಕ್ಸಲ ಎಂಬ ಹೆಸರು ಸಿದ್ಧವಾಗಿ ಇರುತ್ತಿತ್ತು. ನನಗೂ ಹೆದರಿಕೆ ಇತ್ತು. ಹಿಂದೆ ಯಾರಾದರೂ ಬೂಟು ಸಪ್ಪಳ ಮಾಡಿದರೆ ನಾನು ಚಹಾದ ಅಂಗಡಿಗೆ ನುಗ್ಗುತ್ತಿದ್ದೆ. ಬೇಡವಾದ ಚಹಾ ಕುಡಿದು ಹೊಟ್ಟೆ ಸುಡುತ್ತಿತ್ತು.

ಅಂಬಿಕಾನಗರದ ಕ್ವಾರ್ಟರ್ಸಿನ ನೌಕರರೊಬ್ಬರಿಗೆ ಆ ಕೇರಿಯ ಕತ್ತಲೆ ಕಂಡು ಮರುಕ. ಬರೆಯುತ್ತೇನೆ, ಆದರೆ ನಾನು ಅಂತ ಯಾರಿಗೂ ತಿಳಿಯಬಾರದು, ತಿಳಿದರೆ ನೌಕರಿ ಹೋಯಿತು ಎಂದರು. ಹಾಗೆಂದು ಹೆಲ್ಮೆಟ್ ಹಾಕಿಕೊಂಡೇ ಕೆಫೆಗೆ ಬಂದರು. ಗಾಜು ಕೆಳಗೆ. ಕುರ್ಚಿಯಲ್ಲಿ ಕೂತ ಮೇಲೂ ತೆಗೆಯಲಿಲ್ಲ.

ಮಾಲಕ ಮೆಲ್ಲಗೆ ಹೇಳಿದ, ಒಳಗ ಗಾಡಿ ಓಡಿಸಾಕ ಜಾಗ ಇಲ್ರಿ ಅಂತ. ಅವರು ಪರದೆಯನ್ನೇ ನೋಡುತ್ತ, "ಇದರಾಗಿಂದ ಅವರಿಗೆ ನಮ್ಮ ಮಾರಿ ಕಾಣತೈತಂತ," ಎಂದರು. ಕಾಣುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಹೆಸರಿನ ಜಾಗದಲ್ಲಿ ಅನಾಮಿಕ ಎಂದು ಹಾಕಿದರು. ಬೆವರು ಹೆಲ್ಮೆಟ್‌ನ ಪಟ್ಟಿಯಿಂದ ಕೀಲಿಮಣೆಗೆ ಇಳಿಯುತ್ತಿತ್ತು. ಬರೆದದ್ದು ಮಾತ್ರ ಬೆಂಕಿ. ಓದಿ ನನ್ನ ಮೈ ಜುಂ ಅಂದಿತು. ಕಳಿಸಿ ಎಂದೆ, ಒತ್ತಿಬಿಟ್ಟರು. ಮುಖ ಕಾಣದಂತೆ ಹೊರಗೆ ಹೋಗಿ ಗಾಡಿ ಏರಿ ಹೋದರು.

ಆಮೇಲೆ ಬರಹದ ಕೊನೆಯ ತನಕ ಇಳಿದು ನೋಡಿದೆ. ಇಪ್ಪತ್ತು ವರ್ಷ ಕಚೇರಿಯಲ್ಲಿ ಪತ್ರ ಬರೆದ ಕೈ ಅದು, ನಿಲ್ಲಬೇಕಲ್ಲ. ಕೊನೆಗೆ ಹೀಗಿತ್ತು: ತಮ್ಮ ವಿಧೇಯ, ಪೂರ್ತಿ ಹೆಸರು, ಹುದ್ದೆ, ಕ್ವಾರ್ಟರ್ಸ್ ನಂಬರು.

ಫ್ರೀ ಸೈಟ್

ಖಾಲಿ ಕಟ್ಟೆ ತುಂಬಬೇಕು ಎಂದು ಹಳಿಯಾಳದ ಸಂತೆಗೆ ಹೋದೆ. ಬಾಡಿಗೆ ಆಟೋ, ಮೇಲೆ ಧ್ವನಿವರ್ಧಕ. ಸಾದಾ ಮಾತಿನಲ್ಲಿ ಕೂಗಿದೆ. ನಮ್ಮ ಸೈಟಿಗೆ ಬರ್ರಿ, ಪೂರಾ ಫ್ರೀ ಐತಿ, ಬಡವ ಶ್ರೀಮಂತ ಭೇದ ಇಲ್ಲ, ದಾಂಡೇಲಿಗೆ ಬಂದು ಹೆಸರು ಬರಸ್ರಿ.

ಅಂತರಜಾಲದ ಸೈಟು ನನ್ನ ತಲೆಯಲ್ಲಿತ್ತು. ಕೇಳಿದವರ ತಲೆಯಲ್ಲಿ ಮನೆ ಕಟ್ಟುವ ಸೈಟು.

ಮರುದಿನ ಮುಂಜಾನೆ ಕೆಫೆಯ ಮುಂದೆ ಸಾಲು. ರೇಷನ್ ಕಾರ್ಡು ಹಿಡಿದವರು, ಕೂಸು ಎತ್ತಿಕೊಂಡವರು, ಬುತ್ತಿ ಕಟ್ಟಿಕೊಂಡು ಬಂದವರು. ನನಗೆ ಮೊದಲು ಕಣ್ಣಲ್ಲಿ ನೀರೇ ಬಂತು, ಚಳವಳಿ ಎದ್ದಿತು ಎಂದು. ಯಾರೋ ಮೂಲೆ ಸೈಟ್ ನನಗೇ ಬೇಕು ಅಂದಾಗ ವಿಷಯ ತಿಳಿಯಿತು. ಇಷ್ಟು ಜನರಿಗೆ ಸತ್ಯ ಹೇಳಿದರೆ ನನ್ನ ಹಲ್ಲು ಉಳಿಯುವುದಿಲ್ಲ. ಕೆಫೆಯ ಒಳಗಿನ ಗೂಡಿಗೆ ಹೋಗಿ ಪರದೆ ಎಳೆದುಕೊಂಡೆ. ಮಾಲಕ ಒಬ್ಬನೇ ಸಿಕ್ಕ. ಎಲ್ಲರಿಗಿಂತ ಮುಂದೆ ನಿಂತಿದ್ದ ಸಿದ್ದಿ ಅಜ್ಜನೊಬ್ಬ ಸೈಟ್ ಎಲ್ಲೈತಿ ತೋರಸು ಅಂದ. ಮಾಲಕ ಬೆರಳು ಮಾಡಿ ಕಂಪ್ಯೂಟರ್ ತೋರಿಸಿದ.

ಅಜ್ಜ ಬಗ್ಗಿ ನೋಡಿದ. ಬದಿಯಿಂದ ನೋಡಿದ. ಹಿಂದೆ ಹೋಗಿ ನೋಡಿದ. ನಾನು ಪರದೆಯ ಸಂದಿಯಿಂದ ಇಣುಕುತ್ತಿದ್ದೆ.

"ನಾವು ಹೆಂಗರ ಇರತೇವಪಾ," ಎಂದ ಅಜ್ಜ, "ಇಷ್ಟರಾಗ ಎಮ್ಮಿ ಎಲ್ಲಿ ಕಟ್ಟೂದು?"

ಹುಲಿ

ಹೆದರಿಕೆಯ ಕಟ್ಟೆಗೆ ಜನರನ್ನು ಎಳೆಯಲು ಮಾಲಕ ಒಂದು ಉಪಾಯ ಹೇಳಿದ. ದೂರಿನ ಜೊತೆಗೆ ಸಂತೆಯ ಮೂಲೆಯೂ ಇರಲಿ, ಕೊಡುವವರು ತಗೊಳ್ಳುವವರು ಬರೆಯಲಿ. ಆ ಹೊತ್ತಿಗೆ ಮಾವಶಿ ದಾಂಡೇಲಿಗೆ ಬಂದಿದ್ದಳು. ಅವಳ ಮನೆಯಲ್ಲಿ ಒಣಗಿಸಿದ ಮುರುಗಲು ಹಣ್ಣಿನ ಸಿಪ್ಪೆ, ಪೇಟೆಯವರ ಕೋಕಂ, ರಾಶಿ ಬಿದ್ದಿತ್ತು. ಕೊಂಕಣಿಯಲ್ಲಿ ಅವಳು ಅದಕ್ಕೆ ಸೋಲಾಂ ಅನ್ನುವವಳು. ಕನ್ನಡದವರಿಗೆ ತಿಳಿಯಲಿ ಎಂದು ಹುಳಿ ಎಂದಳು. ಮಾಲಕ ಅವಳು ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಆ ಅಕ್ಷರದಲ್ಲಿ ಳ ಎಲ್ಲಿದೆ? ಕಟ್ಟೆಯ ಮೇಲೆ ಮೂಡಿದ್ದು ಹೀಗೆ:

ನಮ್ಮ ಕಾಡಿನ ಹುಲಿ. ಕೈಯಾರೆ ಕೊಯ್ದು, ಬೀಜ ತೆಗೆದು, ಉಪ್ಪು ಹಚ್ಚಿ ಒಣಗಿಸಿದ್ದು. ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಎಣ್ಣೆ ಬೇಕಾದರೆ ಬೇರೆ. ಅನಮೋಡ ದಾಟಿಸಿ ಗೋವಾಕ್ಕೂ ಕಳಿಸುತ್ತೇವೆ. ಕೆಳಗೆ ಮಾವಶಿಯ ಹೆಸರು, ಕೇರಿಯ ಹೆಸರು.

ನಾನು ಇದನ್ನು ನೋಡಿರಲಿಲ್ಲ. ಅರಣ್ಯದ ಕಚೇರಿ ನೋಡಿತು. ಕಂಬದ ಬಗ್ಗೆ ನಾನು ಬರೆದದ್ದನ್ನೆಲ್ಲ ಅವರ ವಿಳಾಸಕ್ಕೆ ಕಳಿಸಿದ್ದೆ, ಒಂದಕ್ಕೂ ಉತ್ತರ ಬಂದಿರಲಿಲ್ಲ. ಹುಲಿ ಅಂದ ಕೂಡಲೇ ಮಧ್ಯಾಹ್ನಕ್ಕೆ ಜೀಪು ಬಂತು. ಸಾಹೇಬರು ಉತ್ತರ ಭಾರತದ ಕಡೆಯ ಹುಡುಗ. ಪುಸ್ತಕ ಓದಿ ಕನ್ನಡ ಕಲಿತಿದ್ದರು. ನಾಲಿಗೆಗೆ ಳ ಬರುತ್ತಿರಲಿಲ್ಲ. ಜೊತೆಗಿದ್ದ ಗಾರ್ಡ್ ವಿಜಾಪುರದ ಬಯಲಿನವ, ಕಾಡಿಗೆ ಹೊಸಬ.

"ನಿಮ್ಮ ಕಟ್ಟೆಯಲ್ಲಿ ಹುಲಿ ಮಾರಾಟ ಇದೆ. ಮನೆ ತೋರಿಸಿ," ಎಂದರು ಸಾಹೇಬರು. ಮಾಲಕ ಬಾಗಿಲ ಶಟರ್ ಇಳಿಸಿದ್ದು ಎಷ್ಟು ಚುರುಕಾಗಿತ್ತೆಂದರೆ ಗಿರಾಕಿಯೊಬ್ಬ ಒಳಗೇ ಉಳಿದ.

ನನ್ನನ್ನು ಜೀಪು ಹತ್ತಿಸಿದರು. ಯಾರೋ ನನ್ನನ್ನು ಸಿಕ್ಕಿಸಿದ್ದಾರೆ, ಜೈಲು ಖಾತ್ರಿ, ಕೇರಿಯ ಕಂಬ ಇನ್ನು ಯಾವ ಜನ್ಮಕ್ಕೂ ಇಲ್ಲ ಎಂದುಕೊಂಡೆ. ಯಾರ ಮನೆ ಎಂದು ಕೇಳಿದೆ. ಮಾವಶಿಯ ಹೆಸರು ಹೇಳಿದರು. ಛೆ, ಅವಳು ಅಂಥವಳಲ್ಲ ಅನ್ನಲು ಬಾಯಿ ತೆರೆದೆ. ಆಗ ಕರಡಿ ಮತ್ತು ಕುಡಗೋಲು ನೆನಪಾಗಿ ಬಾಯಿ ಮುಚ್ಚಿದೆ.

ಮುಟ್ಟುವ ಹೊತ್ತಿಗೆ ಹೊತ್ತು ಇಳಿದಿತ್ತು. ಮಾವಶಿ ಅಂಗಳದಲ್ಲಿ ನಿಂತಿದ್ದಳು. ಎರಡೂ ಕೈ ಮೊಣಕೈ ತನಕ ಕೆಂಪು. ಗಾರ್ಡ್ ನನ್ನ ತೋಳು ಹಿಡಿದುಕೊಂಡ. ಓಡಿ ಹೋಗದಿರಲಿ ಎಂದು ಹಿಡಿದ ಅಂದುಕೊಂಡಿದ್ದೆ, ಆದರೆ ಅವನು ನನ್ನ ಬೆನ್ನ ಹಿಂದೆ ಸರಿದು ನಿಂತ.

"ಹುಲಿ ಇದೆಯಾ?" ಎಂದರು ಸಾಹೇಬರು.

ಹೊರಗಿನವರ ಕನ್ನಡ ಹೀಗೇ ಇರುತ್ತದೆ ಎಂದು ಮಾವಶಿ ತಿಳಿದಳು. "ಐತಲ್ರಿ. ಎಷ್ಟ ಬೇಕು?"

"ಯಾರು ಕೊಯ್ದದ್ದು?"

"ನಾನರಿ. ನಮ್ಮ ಮನಿಯವ್ರಿಗೆ ಗಿಡಾ ಹತ್ತಾಕ ಬರೂದಿಲ್ಲ."

ಸಾಹೇಬರು ಗಾರ್ಡ್ ಕಡೆ ನೋಡಿದರು. ಇಲ್ಲಿ ಹುಲಿಗಳು ಗಿಡ ಹತ್ತುತ್ತವೆಯೇ ಎಂಬ ಪ್ರಶ್ನೆ ಮುಖದ ಮೇಲಿತ್ತು. ಎಷ್ಟು ವರ್ಷದಿಂದ ಈ ಕೆಲಸ ಎಂದು ಕೇಳಿದರು. ಅತ್ತೆಯ ಕಾಲದಿಂದಲೂ ಎಂದಳು ಮಾವಶಿ, ಅತ್ತೆಯ ಕೈಯೇ ಬೇರೆ, ಅವಳು ಒಂದು ಹೊತ್ತಿಗೆ ಬುಟ್ಟಿಗಟ್ಟಲೆ ಕೊಯ್ಯುತ್ತಿದ್ದಳು, ಈಗ ಮಂಗಗಳು ಅರ್ಧ ತಿಂದು ಹಾಳು ಮಾಡುತ್ತವೆ ಎಂದಳು.

"ಮಂಗ, ಹುಲಿಯನ್ನು?" ಎಂದರು ಸಾಹೇಬರು. ದನಿ ಸಣ್ಣದಾಗಿತ್ತು.

"ಬೀಜಾ ಉಗುಳತಾವ್ರಿ, ಉಳದದ್ದ ತಿಂತಾವು."

ಒಣಗಿದ್ದು, ಇನ್ನೂ ಒಣಗದ್ದು, ಎಲ್ಲ ಮಾಲೂ ಅಟ್ಟದ ಮೇಲಿದೆ ಎಂದು ಗೊತ್ತಾಯಿತು. ಒಳಗೆ ಹೋದರೆ ಕಣ್ಣಿಗೆ ಕೈ ಕಾಣದು. ಸಾಹೇಬರ ಬ್ಯಾಟರಿ ಮಿಣಕ್ ಮಿಣಕ್ ಅಂದು ಸತ್ತಿತು. ಕತ್ತಲಲ್ಲಿ ನಿಂತು ಅವರು ಸಿಟ್ಟಿನಿಂದ ಕೇಳಿದರು, "ಈ ಮನೆಯಲ್ಲಿ ಲೈಟ್ ಯಾಕೆ ಇಲ್ಲ?"

ಮಾವಶಿಯೇ ಹೇಳಿದಳು, ಬಹಳ ಸಾವಕಾಶ: "ಅದು ನಿಮ್ಮ ಟೇಬಲ್ ಮ್ಯಾಲ ಕುಂತೈತಂತ್ರಿ ಸಾಹೇಬ್ರ."

ಸಾಹೇಬರು ಗಾರ್ಡನನ್ನು ಅಟ್ಟ ಹತ್ತಿಸಿದರು. ಮೇಲೆ ತಡಕಾಡುವ ಸಪ್ಪಳ, ಆಮೇಲೆ ಕಿರುಚಿದ ಸಪ್ಪಳ. ಮೆತ್ತಗೈತಿ, ಹಸೀ ಐತಿ, ಕೈಗೆ ಹತ್ತೈತಿ ಎಂದು ಕೂಗುತ್ತ ಏಣಿ ಬಿಟ್ಟು ನೇರವಾಗಿ ನನ್ನ ಮೇಲೆ ಇಳಿದ. ಚಿಮಣಿ ಹಚ್ಚಿ ಹಿಡಿದು ನೋಡಿದರೆ ಅವನ ಕೈಯಿಂದ ಕೆಂಪು ತೊಟ್ಟಿಕ್ಕುತ್ತಿತ್ತು. ಮಾವಶಿ ಅವನ ಬೆರಳು ಹಿಡಿದು ಅವನ ಬಾಯಿಗೇ ತುರುಕಿದಳು. "ಹುಳಿ ಐತಿಲ್ಲೋ ತಮ್ಮಾ?"

ಳ ಕೇಳಿಸಿದ್ದು ನನಗೆ ಆಗ. ನಾನು ನೆಲದ ಮೇಲೆ ಕೂತೆ. ನಕ್ಕೆನೋ ಅತ್ತೆನೋ ನೆನಪಿಲ್ಲ. ವಿವರಿಸಿ ಹೇಳುವಷ್ಟರಲ್ಲಿ ಮಾವಶಿ ಎಲ್ಲರಿಗೂ ಮುರುಗಲ ಶರಬತ್ತು ಮಾಡಿ ತಂದಿದ್ದಳು. ಸಾಹೇಬರು ಆ ಕೆಂಪು ಲೋಟ ಹಿಡಿದು ಬಹಳ ಹೊತ್ತು ಅದನ್ನೇ ನೋಡಿದರು.

ಮರಳುವಾಗ ಜೀಪು ದಾಂಡೇಲಿ ಸಮೀಪಿಸಿದಾಗ ಸಾಹೇಬರು ಕೇಳಿದರು, "ಇದನ್ನು ನಿಮ್ಮ ಕಟ್ಟೆಯಲ್ಲಿ ಬರೆಯುತ್ತೀರಾ?"

ನಾನು ಅವರ ಮುಖ ನೋಡಿದೆ. ಅದು ನನಗೆ ಚೆನ್ನಾಗಿ ಪರಿಚಯದ ಮುಖ. ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೆ. ನನಗೆ ಹೆದರಿದ ಮೊದಲ ಸರಕಾರಿ ಮನುಷ್ಯ.

"ಬರೀತೇನ್ರಿ," ಎಂದೆ. "ಕಂಬ ಬಂದ್ರ ಮಾತ್ರ ನನಗ ನೆನಪ ಉಳಿಯೂದಿಲ್ಲ."

ಮಳೆಗಾಲಕ್ಕೆ ಮೊದಲು ಕಂಬ ಬಂದವು. ತಂತಿ ಬಂತು. ಬಲ್ಬು ಹೊತ್ತಿದ ಸಂಜೆ ನಾನು ಮಾವಶಿಯ ಮನೆಯಲ್ಲೇ ಇದ್ದೆ. ಭಾಷಣಕ್ಕೆ ಎರಡು ಮಾತು ಸಿದ್ಧ ಮಾಡಿಕೊಂಡಿದ್ದೆ. ಮಾವಶಿ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಕರೆಂಟಿನ ಬೆಳಕಿನಲ್ಲಿ ತನ್ನ ಮನೆಯನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಗೋಡೆಯ ತುಂಬ, ಕದದ ಮೇಲೆ, ಅಟ್ಟದ ಏಣಿಯ ಮೇಲೆ, ಎಲ್ಲಿ ನೋಡಿದರೂ ಕೆಂಪು ಅಂಗೈ, ಕೆಂಪು ಬೆರಳು. ಅತ್ತೆಯ ಕಾಲದಿಂದ ಕತ್ತಲಲ್ಲಿ ಒರೆಸಿಕೊಂಡ ಮುರುಗಲ ಕೈಗಳು.

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು, "ಅಯ್ಯೋ ದೇವ್ರ, ಅವತ್ತ ಲೈಟ್ ಇದ್ದಿದ್ರ ಸಾಹೇಬ ನನ್ನ ಗಲ್ಲಿಗೇ ಹಾಕತಿದ್ದ."