ಮಾವನ ತಾರೀಖು ಕಂಪ್ಯೂಟರ್‌ಗೆ ಹಿಡಿಸಲ್ಲ

ನಮ್ಮ ಮಾವನಿಗೆ ಮದುವೆ ಆಗಿದೆ, ಮಕ್ಕಳಾಗಿವೆ, ಆದ್ರೆ ಯಾವುದು ಯಾವತ್ತು ಆಯ್ತು ಅಂತ ಮಾತ್ರ ಗೊತ್ತಿಲ್ಲ! ಕೇಳಿದ್ರೆ, "ಶುಂಠಿಗೆ ಕೊಳೆರೋಗ ಬಂತಲ್ಲ, ಅದಾದ್ಮೇಲೆ" ಅಂತಾರೆ. ಕೊಳೆರೋಗ ಎಷ್ಟು ಸಲ ಬಂದಿಲ್ಲ! ಅವರು ಹುಟ್ಟಿದ ದಿನಾನೂ ಅವರದ್ದಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಕಟ್ಟಿ ಬರೆದಿದ್ದು.

ಇಂಥೋರು ಮಾಡೋ ಕೆಲಸ ಏನು ಗೊತ್ತಾ? ಕುಶಾಲನಗರದ ಕಡೆ ನಮ್ಮೂರ ಡೈರಿಯ ಹಸುಗಳು ಬೆದೆಗೆ ಬಂದಾಗ ಇಂಜೆಕ್ಷನ್ ಕೊಟ್ಟು ಗಬ್ಬ ಕಟ್ಟಿಸೋದು. ಕೊಟ್ಟ ತಾರೀಖನ್ನ ಡೈರಿ ಕಂಪ್ಯೂಟರ್‌ಗೆ ಅವರೇ ಹಾಕ್ಬೇಕು. ಅದಕ್ಕೆ ಒಂಬತ್ತು ತಿಂಗಳು ಚಿಲ್ಲರೆ ಕೂಡಿಸಿ, ಕರು ಹಾಕೋ ದಿನ ತೆಗೆದು ಮನೆಯೋರಿಗೆ ಮೆಸೇಜ್ ಕಳಿಸೋದು ನಾನು. ಶಾಲೆ ಅರ್ಧಕ್ಕೆ ಬಿಟ್ಟೋನು. ಕಂಪ್ಯೂಟರ್ ಹಾಕಿಕೊಟ್ಟ ಹುಡುಗ ನಾಲ್ಕು ಕಮಾಂಡ್ ಹೇಳಿ ಹೋದ, ಮಿಕ್ಕಿದ್ದು ಮೊಬೈಲಲ್ಲಿ ನೋಡಿ ಕಲಿತೆ.

ಆ ಹುಡುಗ ಒಂದು ಎಡವಟ್ಟು ಮಾಡಿದ್ದ. ತಾರೀಖಿನ ಕಾಲಮ್ಮನ್ನ ತಾರೀಖು ಅಂತ ಇಡದೆ ಟೆಕ್ಸ್ಟ್, ಅಂದ್ರೆ ಬರೀ ಅಕ್ಷರ, ಅಂತ ಇಟ್ಟಿದ್ದ. ಟೆಕ್ಸ್ಟ್ ಅಂದ್ರೆ ಹೋಟೆಲ್ ಬೆಂಚು ಇದ್ದಂಗೆ, ಯಾರು ಬೇಕಾದ್ರೂ ಬಂದು ಕೂರಬಹುದು. ಮಾವ ಕೂರಿಸಿದ್ರು! ಒಂದು ಕಡೆ ಚುಕ್ಕಿ, ಒಂದು ಕಡೆ ಗೀಟು, ಒಂದು ಕಡೆ ಕನ್ನಡ ಅಂಕಿ. ಒಂದು ಹಸು ಮುಂದೆ 'ಸಂತೆ ದಿನ'. ಇನ್ನೊಂದರ ಮುಂದೆ 'ನಿನ್ನೆ'!

"ನಿನ್ನೆ ಅಂದ್ರೆ ಯಾವತ್ತು ಮಾವ?"

"ಬರೆದ್ನಲ್ಲ, ಅದರ ಹಿಂದಿನ ದಿನ."

ಟೆಕ್ಸ್ಟನ್ನ ತಾರೀಖು ಮಾಡು ಅಂತ ಕಮಾಂಡ್ ಕೊಟ್ಟೆ. 'ಸಂತೆ ದಿನ' ಸಿಕ್ಕಿದ್ದೇ ಕಂಪ್ಯೂಟರ್ ನಿಂತ್ಬಿಡ್ತು. ಅದನ್ನ ಸರಿ ಮಾಡಿದ್ರೆ, ಇಪ್ಪತ್ತೈದನೇ ತಿಂಗಳು ಎಲ್ಲಿದೆ ಅಂತ ಜಗಳ! ನಾವು ದಿನ ಮೊದಲು ಬರಿತೀವಿ, ಅದು ತಿಂಗಳು ಮೊದಲು ಓದುತ್ತೆ. ದಿನ ಮೊದಲು ಅಂತ ಹೇಳ್ಕೊಟ್ಟೆ, ಸುಮ್ನಾಯ್ತು. ಆದ್ರೆ ಮಾವ ಕೆಲವು ಸಲ ಅವರ ಮೊಬೈಲ್ ನೋಡಿ ಬರೀತಾರೆ, ಆ ಮೊಬೈಲ್ ತಿಂಗಳು ಮೊದಲು ತೋರಿಸುತ್ತೆ!

ಜಗಳ ಆಡೋ ತಾರೀಖು ವಾಸಿ, ತಪ್ಪು ಅಂತಾದ್ರೂ ಗೊತ್ತಾಗುತ್ತೆ. ಸುಮ್ನೆ ಕೂತಿರೋದೇ ಕಷ್ಟ. ಲಕ್ಕಜ್ಜಿ ಹಸು ಮುಂದೆ 7/6 ಅಂತಿತ್ತು. ಜೂನ್ ಏಳಾ, ಜುಲೈ ಆರಾ? ಒಂದಾದ್ರೆ ಕರು ಮಾರ್ಚಲ್ಲಿ, ಇನ್ನೊಂದಾದ್ರೆ ಏಪ್ರಿಲಲ್ಲಿ. ಅಜ್ಜಿಗೆ ಇರೋದು ಅದೊಂದೇ ಹಸು. ಕಣ್ಣು ಮಂಜು. ಹೋದ ಸಲ ಕರು ಸಿಕ್ಕಾಕೊಂಡು, ಎಳೆಯೋಕೆ ಯಾರೂ ಇಲ್ದೆ ಸತ್ತೋಗಿತ್ತು. "ದಿನ ಹೇಳ್ಬಿಡಪ್ಪ, ಯಾರನ್ನಾದ್ರೂ ಕರೆದು ಇಟ್ಕೋತೀನಿ" ಅಂತ ಡೈರಿ ಬಾಗಿಲಿಗೆ ಬಂದು ನಿಲ್ಲೋರು.

"ಮಾವ, ಅಜ್ಜಿ ಹಸುಗೆ ಇಂಜೆಕ್ಷನ್ ಕೊಟ್ಟಿದ್ದು ಯಾವ ತಿಂಗಳು?"

"ಮಳೆ ಬರ್ತಿತ್ತು ಕಣೋ."

"ಕೊಡಗಲ್ಲಿ ಜೂನ್‌ಗೂ ಮಳೆ, ಜುಲೈಗೂ ಮಳೆ! ಯಾವ ಮಳೆ?"

"ಛತ್ರಿ ಉಲ್ಟಾ ಆದ ಮಳೆ."

ನನಗೆ ರೇಗ್ತು. "ಈ ಸಲಾನೂ ಕರು ಹೋದ್ರೆ ಆ ಛತ್ರೀನೇ ಅಜ್ಜಿಗೆ ಕೊಡಿ" ಅಂದೆ.

ಮಾರ್ಚ್ ಬಂದಿದ್ದೇ ಮಾವ ಪ್ಲಾಸ್ಟಿಕ್ ಸ್ಟೂಲು, ರೇಡಿಯೋ, ಹಗ್ಗ ಎತ್ಕೊಂಡು ಹೋಗಿ ಲಕ್ಕಜ್ಜಿ ಕೊಟ್ಟಿಗೇಲಿ ಕೂತ್ರು! ಕೆಲಸ ಮುಗಿಸೋದು, ಅಲ್ಲಿಗೆ ಹೋಗೋದು. ಊಟ, ನಿದ್ದೆ ಎಲ್ಲ ಅಲ್ಲೇ. ಊರೆಲ್ಲ ನಗು. ಬುತ್ತಿ ತಂದ ಅತ್ತೆ, "ನನ್ನ ಹೆರಿಗೇಲಿ ಈ ಮನುಷ್ಯ ಆಸ್ಪತ್ರೆ ಕಡೆ ತಲೆ ಹಾಕಿರಲಿಲ್ಲ!" ಅಂದ್ರು. ಮಾರ್ಚ್ ಮುಗೀತು. ಹಸು ಆರಾಮಾಗಿ ಹುಲ್ಲು ತಿಂತಾ ಇತ್ತು.

"ಎದ್ದು ಬನ್ನಿ ಮಾವ, ಇನ್ನು ಏಪ್ರಿಲ್ ಮಧ್ಯಕ್ಕೆ."

"ಅದೂ ನಾನು ಬರೆದಿದ್ದೇ ತಾನೆ? ನನ್ನ ನಂಬಬೇಡ" ಅಂದ್ರು, ಏಳಲಿಲ್ಲ.

ಏಪ್ರಿಲಲ್ಲಿ ಒಂದು ಬೆಳಿಗ್ಗೆ ಹಾಲು ಅಳೀತಿದ್ದೆ. ಮಾವನ ಫೋನು. ಏದುಸಿರು. ಕರು ಮುಂಗಾಲು ಮಡಚಿಕೊಂಡಿತ್ತಂತೆ, ಕೈ ಹಾಕಿ ನೆಟ್ಟಗೆ ಮಾಡಿ ಎಳೆದ್ರಂತೆ. ಹೆಣ್ಗರು. ಹಿಂದೆ ಲಕ್ಕಜ್ಜಿ ಅಳ್ತಿದ್ರೋ ನಗ್ತಿದ್ರೋ, ಎರಡೂ ಕೇಳಿಸ್ತು.

"ಬರ್ಕೋ" ಅಂದ್ರು ಮಾವ.

ಸಂತೆ ದಿನ ಅಂತಾರೆ ಅಂದ್ಕೊಂಡೆ. ಇಲ್ಲ. ವರ್ಷ ಹೇಳಿದ್ರು, ನಾಲ್ಕೂ ಅಂಕಿ. ಆಮೇಲೆ ತಿಂಗಳು, ಹೆಸರು ಸಮೇತ. ಆಮೇಲೆ ದಿನ. ನಿಧಾನಕ್ಕೆ, ಒಂದೊಂದೇ.

"ಕಂಪ್ಯೂಟರ್ ಒಪ್ಕೊಂತಾ?"

"ಒಪ್ಕೊಂತು ಮಾವ."

"ಇನ್ನೊಂದ್ಸಲ ನೋಡೋ. ಹುಟ್ಟಿದ ದಿನ ಅದು. ಇದಕ್ಕಾದ್ರೂ ಸರಿಯಾಗಿರಲಿ."