ಅತ್ತೆಯ ರಟ್ಟಿನ ನಕ್ಷತ್ರಗಳು

ಪಾಂಡವಪುರಕ್ಕೆ ಕ್ರಿಸ್‌ಮಸ್ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ನಮ್ಮ ಮನೆಗೆ ಮಾತ್ರ ಬಂದದ್ದು ಹೋಗಲೇ ಇಲ್ಲ! ಯುಗಾದಿಯ ದಿನ ಹೋಳಿಗೆ ತಟ್ಟುವಾಗಲೂ ನನ್ನ ನೆತ್ತಿಯ ಮೇಲೆ ರಟ್ಟಿನ ನಕ್ಷತ್ರ ತೂಗುತ್ತಿರುತ್ತದೆ. ನೀವೇನು ಕ್ರೈಸ್ತರೇ ಎಂದು ಕೇಳಬೇಡಿ. ಮನೆದೇವರಿಗೆ ತಪ್ಪದೆ ಮುಡಿ ಕೊಡುವ ಒಕ್ಕಲು ಮನೆತನ ನಮ್ಮದು. ಇದೆಲ್ಲ ನಮ್ಮ ಅತ್ತೆಯ, ಅಂದರೆ ನನ್ನ ಗಂಡನ ತಾಯಿಯ, ಕಾರುಬಾರು.

ಶುರುವಾದದ್ದು ನನ್ನ ಮಗಳ ಶಾಲೆಯಿಂದ. ಕ್ರಿಸ್‌ಮಸ್‌ಗೆ ಕಾಗದದ ಅಲಂಕಾರ ಮಾಡಿ ತನ್ನಿ ಎಂದಿದ್ದರು. ರಟ್ಟಿನಲ್ಲಿ ಒಂದೇ ಅಳತೆಯ ಎರಡು ಕ್ರಿಸ್‌ಮಸ್ ಮರದ ಆಕಾರ ಕತ್ತರಿಸಬೇಕು. ಒಂದನ್ನು ಮೇಲಿನಿಂದ ನಡುವಿನವರೆಗೆ, ಇನ್ನೊಂದನ್ನು ಕೆಳಗಿನಿಂದ ನಡುವಿನವರೆಗೆ ಸೀಳಿ, ಒಂದರೊಳಗೊಂದು ಸಿಗಿಸಿದರೆ ಮರ ಮೈತುಂಬಿಕೊಂಡು ನಿಲ್ಲುತ್ತದೆ. ಮಗಳು ಮಾಡಿದಳು, ಶಾಲೆಗೆ ಒಯ್ದಳು, ಮರೆತಳು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ಮರೆಯಲಿಲ್ಲ.

"ಅಂಟೂ ಇಲ್ಲ, ದಾರಾನೂ ಇಲ್ಲ, ಎಂಗ್ ನಿಂತದೆ ನೋಡವ್ವ!"

ಆಮೇಲೆ ಮನೆಯಲ್ಲಿ ರಟ್ಟು ಎನ್ನುವುದು ಉಳಿದರೆ ಕೇಳಿ! ಸೋಪಿನ ಡಬ್ಬಿ ಗಂಟೆಯಾಯಿತು, ಸೀರೆಯ ಪೆಟ್ಟಿಗೆ ಮರವಾಯಿತು. ಹೊಸ ಮಿಕ್ಸಿ ಕೆಟ್ಟಾಗ ಅಂಗಡಿಯವನು, "ಬದ್ಲಾಯಿಸ್ಕೊಡ್ತೀನಿ ಅಕ್ಕ, ಬಾಕ್ಸ್ ತನ್ನಿ" ಎಂದ. ಬಾಕ್ಸ್ ಎಲ್ಲಿಂದ ತರಲಿ? ಅದು ನಡುಮನೆಯಲ್ಲಿ ನಕ್ಷತ್ರವಾಗಿ ತಿರುಗುತ್ತಿದೆ!

ಅತ್ತೆ ತಣ್ಣಗೆ ಹೇಳಿದರು, "ನಕ್ಸತ್ರಾನೇ ತಕಂಡೋಗಿ ತೋರ್ಸು. ಮಿಕ್ಸಿ ಚಿತ್ರ ಅದ್ರಲ್ಲೇ ಅದೆಯಲ್ಲ!"

ಇನ್ನು ಲಗ್ನಪತ್ರಿಕೆಗಳ ಗತಿ ಕೇಳುವುದೇ ಬೇಡ. ಕೆ.ಆರ್. ಪೇಟೆಯಲ್ಲಿ ಅತ್ತೆಯ ಅಣ್ಣನ ಮೊಮ್ಮಗಳ ಮದುವೆ. ಬಸ್ಸಿಳಿದ ಮೇಲೆ ನೋಡಿದರೆ, ಛತ್ರ ಯಾವುದೆಂದು ಯಾರಿಗೂ ನೆನಪಿಲ್ಲ. ಫೋನ್ ಮಾಡಿದರೆ ಓಲಗದ ಸದ್ದಿನಲ್ಲಿ ಎತ್ತುವವರಿಲ್ಲ. "ಪತ್ರಿಕೆ ಎಲ್ಲಿ ಅತ್ತೆ?" ಎಂದೆ. ಅತ್ತೆ ಚೀಲದಿಂದ ಮದುಮಗಳಿಗೆಂದು ತಂದಿದ್ದ ಕ್ರಿಸ್‌ಮಸ್ ಮರ ತೆಗೆದರು! ಬಿಚ್ಚಿ ಜೋಡಿಸಿ ಓದಿದೆವು. ಗಣೇಶ ಇದ್ದ, ಮುಹೂರ್ತ ಇತ್ತು, ಛತ್ರದ ಹೆಸರು ಮಾತ್ರ ಕತ್ತರಿಯ ಪಾಲಾಗಿತ್ತು. ಕೊನೆಗೆ ಓಲಗ ಕೇಳಿಸಿದ ಕಡೆಗೆ ನುಗ್ಗಿ, ಎಲೆಯ ಮುಂದೆ ಕೂತೆವು. ಪಲ್ಯ ಬಡಿಸುವಾಗ ನನ್ನ ಗಂಡ ಪಿಸುಗುಟ್ಟಿದರು, "ಅವ್ವ, ಇದು ನಮ್ಮೋರ್ ಮದ್ವೆ ಅಲ್ಲ ಕಣವ್ವ!"

"ನಂಗೂ ಗೊತ್ತಾಯ್ತು, ಸುಮ್ನಿರ್ಲಾ. ಓಳ್ಗೆ ಬರ್ಲಿ, ಎದ್ದೋಗಮ."

ಸಹನೆಗೂ ಒಂದು ಮಿತಿ ಬೇಡವೇ? ದಿಂಬಿನಡಿ ಕತ್ತರಿ, ಸಾರಿನಲ್ಲಿ ರಟ್ಟಿನ ಚೂರು! "ಡಿಸೆಂಬರ್ ಮುಗಿದು ಎಷ್ಟು ಕಾಲವಾಯ್ತು ಅತ್ತೆ?" ಎಂದು ರೇಗಿದರೆ, "ಮುಗುದ್ರೆ ಇನ್ನೊಂದು ಬರಾಕಿಲ್ವಾ?" ಎಂದು ನನಗೇ ಪ್ರಶ್ನೆ!

ಕಳೆದ ಬೇಸಿಗೆಯಲ್ಲಿ ನನ್ನ ಗರ್ಭಕೋಶ ತೆಗೆಸಬೇಕಾಯಿತು. ಎಲ್ಲರ ಮುಂದೆ ಧೈರ್ಯವಾಗಿದ್ದೆ, ಒಳಗೊಳಗೇ ಹೆದರಿದ್ದೆ. ಅರಿವಳಿಕೆಯ ಮತ್ತು ಇಳಿದು ಕಣ್ಣು ಬಿಟ್ಟರೆ, ಗ್ಲೂಕೋಸ್ ಬಾಟಲಿಯ ಪಕ್ಕದಲ್ಲಿ ಕೆಂಪು ನಕ್ಷತ್ರವೊಂದು ತೂಗುತ್ತಿದೆ! ಕೆಳಗೆ ಸ್ಟೂಲಿನ ಮೇಲೆ ಅತ್ತೆ.

"ಇಲ್ಲಿಗೂ ತಂದ್ರಾ ಇದನ್ನ?" ಎಂದೆ. ನಾಲಗೆ ತೊದಲುತ್ತಿತ್ತು.

ಅತ್ತೆ ನನ್ನ ಹೊದಿಕೆ ಸರಿಮಾಡುತ್ತ ಹೇಳಿದರು, "ನಿನ್ ಗಂಡ ಉಟ್ಟಾಗ ನಂಗೂ ಒಟ್ಟೆ ಕುಯ್ದಿದ್ರು ಕಣವ್ವ. ಕಣ್ ಬುಟ್ರೆ ಬರೀ ಬಿಳೀ ಸೂರು. ಪಕ್ಕದಲ್ಲಿ ಯಾರೂ ಇರ್ನಿಲ್ಲ. ಸತ್ತೋದೆ ಅನ್ಕಂಡಿದ್ದೆ. ನಿಂಗಂಗಾಗ್ಬಾರ್ದು ಅಂತ ತಂದೆ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮಾತನ್ನು ನಾನು ಕೇಳಿರಲಿಲ್ಲ. ನಕ್ಷತ್ರವನ್ನೇ ನೋಡುತ್ತ ಮಲಗಿದ್ದೆ.

ಅಷ್ಟರಲ್ಲಿ ನರ್ಸ್ ಬಂದರು. "ಅಬ್ಬಾ, ಏನು ಸೆಖೆ! ಫ್ಯಾನ್ ಹಾಕ್ಲಾ?" ಎಂದು ಸ್ವಿಚ್ಚಿಗೆ ಕೈ ಚಾಚಿದರು. ಗಾಳಿ ಬಿದ್ದರೆ ನಕ್ಷತ್ರ ಹಾರಿಹೋಗುತ್ತದೆ. ನನ್ನ ಕತ್ತು, ಬೆನ್ನು ಬೆವರಿನಲ್ಲಿ ತೊಯ್ದುಹೋಗಿತ್ತು.

"ಬೇಡ ಸಿಸ್ಟರ್," ಎಂದೆ. "ನನಗೆ ಚಳಿ."